ಫಲಕ ಹೊತ್ತ ಬಾಗಿಲು

ಟ್ರಸ್ಟ್ ಒಂದರಲ್ಲಿ ನನಗೆ ಕೆಲಸ ಸಿಕ್ಕಿತು ಅಂತ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದುತ್ತಾ, "ಅವರಿಗೆ ಲಾಭ ಇಲ್ಲ ಅಂತೀಯ. ನಿಂಗೆ ಸಂಬಳ ಕೊಡ್ತಾರೆ ಅಂತೀಯ. ಎಲ್ಲಿಂದ ತಂದು ಕೊಡ್ತಾರೆ?" ಅಂದ.

"ಕಂಪನಿಗಳು ಕೊಡ್ತವಪ್ಪ. ಲಾಭದಲ್ಲಿ ಸ್ವಲ್ಪ ಸಮಾಜಕ್ಕೆ ಅಂತ ಖರ್ಚು ಮಾಡ್ಬೇಕು, ಕಾನೂನಿದೆ."

"ಕಂಪನಿಯೋರು ಸುಮ್ನೆ ಕೊಡೋರಲ್ಲ."

"ಹೆಸರು ಹಾಕಿಸ್ಕೋತಾರೆ."

"ಎಲ್ಲಿ?"

"ಏನು ಕಟ್ಟಿಸಿರ್ತಾರೋ ಅದರ ಮೇಲೆ. ಸ್ಟೀಲ್ ಫಲಕ."

ಆಗ ತಲೆ ಎತ್ತಿದ. ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಅಪ್ಪ ಮಾಡುತ್ತಿದ್ದ ಕೆಲಸವೇ ಅದು. ಸ್ಟೀಲ್ ಶೀಟು ಕತ್ತರಿಸಿ, ಅಂಚು ಉಜ್ಜಿ, ಅಕ್ಷರ ಕೆತ್ತಿಸಿ ನಾಮಫಲಕ ಮಾಡುವುದು. "ಹಂಗಾದ್ರೆ ದಪ್ಪ ಶೀಟಲ್ಲಿ ಮಾಡ್ಸಿ ಅಂತ ಹೇಳು. ನಮ್ಮ ಪ್ಲೇಟು ನೂರು ವರ್ಷ ಆದ್ರೂ ಬಗ್ಗಲ್ಲ" ಅಂದ. ಟ್ರಸ್ಟಿನ ಮೇಲಿನ ಅನುಮಾನ ಹೋಗಲಿಲ್ಲ, ಅದರ ಪಕ್ಕದಲ್ಲಿ ಸ್ವಲ್ಪ ವ್ಯಾಪಾರವೂ ಬಂದು ಕೂತಿತು ಅಷ್ಟೇ. ಮುಂದೆ ನಮ್ಮ ಟ್ರಸ್ಟಿನ ಫಲಕಗಳೆಲ್ಲ ಆ ಯೂನಿಟ್ಟಿನಲ್ಲೇ ತಯಾರಾದವು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಮ್ಮ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿದು ಹೊಲಿದು ನನ್ನ ಫೀಸು ಕಟ್ಟಿದವಳು. ಕಪ್ಪು ಗೌನು ಹಾಕಿಕೊಂಡು ತೆಗೆಸಿದ ನನ್ನ ಫೋಟೋ ಟಿವಿಯ ಮೇಲಿದೆ. ಟಿವಿ ಕೆಟ್ಟು ಎಷ್ಟೋ ಕಾಲವಾದರೂ ಫೋಟೋಗೆ ಜಾಗ ಬೇಕು ಅಂತ ಅದನ್ನು ಎಸೆದಿಲ್ಲ. ಇಷ್ಟು ಓದಿದವಳು ಎಲೆಕ್ಟ್ರಾನಿಕ್ ಸಿಟಿಯ ಯಾವುದಾದರೂ ಗಾಜಿನ ಕಟ್ಟಡದೊಳಗೆ ಹೋಗುತ್ತಾಳೆ ಅಂತ ಬೀದಿಯವರೆಲ್ಲ ಕಾದಿದ್ದರು. ನಾನು ಎರಡು ವರ್ಷ ಟ್ರಸ್ಟಿನ ಆಫೀಸಿನಲ್ಲಿದ್ದು, ಆಮೇಲೆ ಹೋದದ್ದು ಚಂದಾಪುರದ ಕಡೆಯ ಒಂದು ಸರ್ಕಾರಿ ಶಾಲೆಗೆ, ಟ್ರಸ್ಟಿನ ಕಾರ್ಯಕರ್ತೆಯಾಗಿ. "ಸಮಾಜ ಸೇವೆಗೆ ಇಷ್ಟೆಲ್ಲ ಓದ್ಬೇಕಿತ್ತಾ?" ಅಂತ ಪಕ್ಕದ ಮನೆಯವರು ಅಮ್ಮನನ್ನು ಕೇಳಿದರಂತೆ. "ಓದಿಲ್ದೋರು ಮಾಡಿದ್ದನ್ನ ನೋಡಿದೀವಲ್ಲ" ಅಂದಳಂತೆ ಅಮ್ಮ.

ನಮ್ಮ ಟ್ರಸ್ಟ್ ದೊಡ್ಡದೇನಲ್ಲ. ಅದನ್ನು ಶುರು ಮಾಡಿದ ಸಾರ್ ಸರ್ಕಾರಿ ಕಾರ್ಖಾನೆಯೊಂದರಿಂದ ರಿಟೈರಾದವರು. ಮನೆಗೆ ಹೋಗುವಾಗ ಆಫೀಸಿನ ಪೆನ್ನು ಜೇಬಿನಲ್ಲಿ ಉಳಿದರೆ ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿಕೊಂಡು ಬರುವ ಮನುಷ್ಯ. ಇದನ್ನು ಮೊದಲೇ ಯಾಕೆ ಹೇಳುತ್ತೀನಿ ಅಂದರೆ, ಟ್ರಸ್ಟು, ಎನ್‌ಜಿಓ ಅಂದ ಕೂಡಲೇ ನಮ್ಮ ಜನ ಕೇಳುವುದು ಒಂದೇ ಮಾತು: ದುಡ್ಡು ತಿಂದ್ರಾ? ನಮ್ಮಲ್ಲಿ ಯಾರೂ ತಿನ್ನಲಿಲ್ಲ. ತಿನ್ನದೇ ಇದ್ದವರ ಕಥೆ ಇದು.

ಶಾಲೆಯ ಪಕ್ಕದಲ್ಲೇ ನಾನು ಬಾಡಿಗೆಗೆ ರೂಮು ಹಿಡಿದೆ. ಓನರಮ್ಮ ಮೂಲತಃ ಆ ಊರಿನ ಒಕ್ಕಲು ಮನೆಯವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ರೂಮು ಬೆಳೆದು, ಗಾರ್ಮೆಂಟ್ಸು, ಫ್ಯಾಕ್ಟರಿಗೆ ಹೋಗುವವರೆಲ್ಲ ಅದರಲ್ಲಿ ಬಾಡಿಗೆಗಿದ್ದರು. ಶಾಲೆಯ ಜಾಗ ಒಂದು ಕಾಲದಲ್ಲಿ ಅವಳ ಮಾವ ದಾನ ಕೊಟ್ಟದ್ದು. ಹಾಗಾಗಿ ಶಾಲೆಯ ಕಾಂಪೌಂಡಿನ ಮೇಲೆ ಸೀರೆ ಒಣಗಿಸುವ ಹಕ್ಕೂ, ಒಳಗೆ ನಡೆಯುವುದರ ಬಗ್ಗೆ ಮಾತಾಡುವ ಹಕ್ಕೂ ತನಗಿದೆ ಅಂತ ಅವಳು ತಿಳಿದಿದ್ದಳು. ಮುಖ್ಯೋಪಾಧ್ಯಾಯಿನಿಯೂ ಹಾಗೇ ತಿಳಿದಿದ್ದರು.

ನಾನು ಬಂದ ವಾರವೇ ಓನರಮ್ಮ ನನ್ನನ್ನು ತರಾಟೆಗೆ ತಗೊಂಡಳು. ಮಧ್ಯಾಹ್ನ ಊಟದ ಬೆಲ್ಲು ಹೊಡೆದಿತ್ತು. ಶಾಲೆಯ ಗೇಟಿನಿಂದ ಐದಾರು ಹುಡುಗಿಯರು ಓಡಿ ಬಂದು ಅವಳ ಮುಂದೆ ಕೈಚಾಚಿ ನಿಂತರು. ಸೊಂಟದ ಬೀಗದ ಕೈ ಗೊಂಚಲನ್ನು ಅವಳು ಬಿಚ್ಚಿ ಕೊಟ್ಟಳು. ಬಾಡಿಗೆದಾರರ ಕಕ್ಕಸಿನ ಬೀಗದ ಕೈ ಅದು.

"ನೋಡಮ್ಮ" ಅಂದಳು ನನಗೆ. "ನಿಮ್ ಟ್ರಸ್ಟಿನೋರು ಎಣ್ಮಕ್ಕಳಿಗೆ ಕಕ್ಕಸ್ ಕಟ್ಸಿದ್ರಿ. ಕಂಪ್ನಿಯೋರು ಬಂದು ಬಣ್ಣ ಬಳ್ದ್ರು. ಫೋಟೋ ಇಡಿಸ್ಕೊಂಡ್ರು. ಓಗೋಕೆ ಮಾತ್ರ ಎಲ್ಲಾ ನನ್ ಮನೇಗೇ ಬತ್ತಾವೆ. ಟ್ಯಾಂಕಿನ ನೀರು ನಿಮ್ಮಪ್ಪ ತುಂಬುಸ್ತಾನಾ?"

"ಅಲ್ಲೇ ಚೆನ್ನಾಗಿದೆಯಲ್ಲಮ್ಮ, ನೀರಿದೆ, ಟೈಲ್ಸ್ ಇದೆ."

"ಚಿಲ್ಕ ಬೀಳ್ತದಾ?"

"ಅಂದ್ರೆ?"

"ಒಳೀಕ್ ಓಗಿ ಬಾಗ್ಲು ಆಕ್ಕೊಂಡ್ರೆ ಚಿಲ್ಕ ಬೀಳ್ತದಾ ಅಂತ ಕೇಳ್ದೆ. ಓದ್ದೋಳು ತಾನೆ ನೀನು, ಓಗಿ ನೋಡು."

ಹೋಗಿ ನೋಡಿದೆ. ಹೊರಗಿನಿಂದ ನೋಡಿದರೆ ಹಬ್ಬದ ಮನೆ. ಹಳದಿ ಗೋಡೆ, ನೀಲಿ ಅಂಚು, ಚಿಟ್ಟೆ, ಕಾಮನಬಿಲ್ಲು. ಗೋಡೆಯ ತುಂಬ ದೊಡ್ಡವರ ಅಂಗೈ ಗುರುತು. ಬಂದ ಕಂಪನಿಯವರೆಲ್ಲ ಕೈಗೆ ಬಣ್ಣ ಬಳಿದುಕೊಂಡು ಗೋಡೆಗೆ ಒತ್ತಿ ಹೋಗುವುದು ಪದ್ಧತಿಯಾಗಿತ್ತು. ಒಂದನೇ ಕ್ಲಾಸಿನ ಮಕ್ಕಳು ಅದನ್ನು ಕೈ ದೆವ್ವದ ಮನೆ ಅಂತ ಕರೆದು, ಆ ಕಡೆಗೇ ಹೋಗುತ್ತಿರಲಿಲ್ಲ. ಬಾಗಿಲು ಪ್ಲಾಸ್ಟಿಕ್ಕಿನದು. ಅದರ ಮೇಲೆ ಐದು ಸ್ಟೀಲ್ ಫಲಕ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ, ನಮ್ಮ ಟ್ರಸ್ಟಿನದು. ಕೆಳಗೆ ನಾಲ್ಕು ಕಂಪನಿಯವು. ಎಲ್ಲವೂ ದಪ್ಪ ಶೀಟು. ಅಂಚು ಉಜ್ಜಿದ ರೀತಿಯಲ್ಲೇ ಅಪ್ಪನ ಕೈ ಗೊತ್ತಾಯಿತು.

ಒಳಗೆ ಹೋಗಿ ಬಾಗಿಲು ಎಳೆದೆ. ನೆಲಕ್ಕೆ ಕರಕರ ಉಜ್ಜಿಕೊಂಡು ಅರ್ಧಕ್ಕೆ ನಿಂತಿತು. ಎತ್ತಿ ತಳ್ಳಿದರೆ ಚೌಕಟ್ಟಿನವರೆಗೆ ಬಂತು, ಆದರೆ ಚಿಲಕ ಒಂದು ಕಡೆ, ಅದು ಕೂರಬೇಕಾದ ತೂತು ಇನ್ನೊಂದು ಕಡೆ. ಐದು ಫಲಕದ ಭಾರಕ್ಕೆ ಬಾಗಿಲು ಜೋತುಬಿದ್ದಿತ್ತು.

ಟ್ರಸ್ಟಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ ಅಂದರೆ ನಂಬಬೇಕು. ಉದ್ಘಾಟನೆಯ ದಿನ ಬಾಗಿಲು ತೆರೆದಿತ್ತು. ಬಣ್ಣ ಬಳಿದ ದಿನಗಳಲ್ಲಿ ತೆರೆದಿತ್ತು. ಫೋಟೋಗಳಲ್ಲೆಲ್ಲ ತೆರೆದೇ ಇದೆ, ಒಳಗಿನ ಟೈಲ್ಸ್ ಕಾಣಬೇಕಲ್ಲ. ಮುಚ್ಚಿದ ಕಕ್ಕಸಿನ ಫೋಟೋ ಯಾರು ತೆಗೆಯುತ್ತಾರೆ? ಕಟ್ಟಿದವರಲ್ಲಿ ಒಬ್ಬರೂ ಒಳಗೆ ನಿಂತು ಬಾಗಿಲು ಹಾಕಿಕೊಂಡಿರಲಿಲ್ಲ.

ನನ್ನ ಪಕ್ಕದ ರೂಮಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಒಬ್ಬಳು ಅಕ್ಕ ಇದ್ದಳು. ಅವಳ ಮಗಳು ಏಳನೇ ಕ್ಲಾಸು. ಲೆಕ್ಕದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಧ್ಯಾಹ್ನ ಕಕ್ಕಸಿಗೆ ಅಂತ ಮನೆಗೆ ಬಂದವಳು ಎಷ್ಟೋ ದಿನ ಶಾಲೆಗೆ ವಾಪಸ್ ಹೋಗುತ್ತಿರಲಿಲ್ಲ. ಓನರಮ್ಮ ನೀರು ತೀರಿತು ಅಂತ ಬೀಗ ಹಾಕಿದ ದಿನಗಳಲ್ಲಿ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಅದು ನನಗೆ ಹೊಸದಲ್ಲ. ಹೈಸ್ಕೂಲಿನ ಮೂರು ವರ್ಷ ನಾನೂ ನೀರಿನ ಬಾಟ್ಲಿಯನ್ನು ತುಂಬಿದ್ದು ತುಂಬಿದ ಹಾಗೇ ಮನೆಗೆ ತಂದವಳು. ಅಮ್ಮ ಆ ನೀರನ್ನು ತುಳಸಿಗೆ ಹಾಕುತ್ತಿದ್ದಳು. ನಮ್ಮ ತುಳಸಿ ಚೆನ್ನಾಗಿ ಬೆಳೆಯಿತು.

ಆ ಹುಡುಗಿ ದೊಡ್ಡವಳಾದ ಮೇಲೆ ಅವಳಮ್ಮ ಒಂದು ಸಂಜೆ ನನ್ನ ಬಾಗಿಲಲ್ಲಿ ನಿಂತು ಹೇಳಿದಳು. "ಹಬ್ಬ ಕಳೀಲಿ ಮೇಡಂ, ಇವಳನ್ನ ಊರಿಗೆ ಕಳಿಸ್ಬಿಡ್ತೀನಿ, ಅಜ್ಜಿ ಹತ್ರ ಇರ್ಲಿ. ನಾನು ಹೋದ್ರೆ ಬರೋದು ಕತ್ಲಾದ್ಮೇಲೆ. ಬಾಗ್ಲು ಹಾಕ್ಕೊಳಕ್ಕೂ ಆಗ್ದಿರೋ ಕಡೆ ಹೆಂಗ್ ಬಿಡ್ಲಿ?"

"ಅಲ್ಲಿ ಸ್ಕೂಲು?"

"ನೋಡ್ಬೇಕು."

ನಮ್ಮ ಜನರ ಬಾಯಲ್ಲಿ 'ನೋಡ್ಬೇಕು' ಅಂದರೆ ಇಲ್ಲ ಅಂತ.

ಮಾರನೇ ದಿನವೇ ಸ್ಪ್ಯಾನರ್ ಹಿಡಿದು ಹೋದೆ. ಪೀಣ್ಯದಲ್ಲಿ ಹುಟ್ಟಿದವಳಿಗೆ ಅಷ್ಟೂ ಬರದಿದ್ದರೆ ಹೇಗೆ? ಕೀಲಿನ ನಟ್ಟುಗಳನ್ನೆಲ್ಲ ಬಿಗಿ ಮಾಡಿ, ಭುಜ ಕೊಟ್ಟು ತಳ್ಳಿದೆ. ಚಿಲಕ ಬಿತ್ತು. ಎರಡೇ ದಿನ. ಫಲಕಗಳು ಮತ್ತೆ ಬಾಗಿಲನ್ನು ಜಗ್ಗಿದವು. ಆಮೇಲೆ ಆಫೀಸಿಗೆ ಹೋಗಿ ಸಾರ್‌ಗೆ ಹೇಳಿದೆ: "ಫಲಕ ಬಿಚ್ಚಬೇಕು ಸಾರ್."

ಸಾರ್ ಕನ್ನಡಕ ತೆಗೆದು ಒರೆಸಿದರು. "ಯಾವುದನ್ನ?"

"ಎಲ್ಲಾನೂ."

"ಎಲ್ಲಾನೂ ಅಂದ್ರೆ ಹೇಗಮ್ಮ? ಮೊದಲನೆ ಕಂಪನಿಯೋರು ಟೈಲ್ಸ್ ಕೊಟ್ಟೋರು. ಎರಡನೆಯೋರು ಟ್ಯಾಂಕು. ಮೂರನೆಯೋರು ಈ ವರ್ಷ ನಿನ್ನ ಸಂಬಳ."

"ನಾಲ್ಕನೆಯೋರು?"

"ಅವರು ಬರೀ ಬಣ್ಣ. ಆದ್ರೆ ಮುಂದಿನ ವರ್ಷ ಲೈಬ್ರರಿ ಕೊಡ್ತೀವಿ ಅಂದಿದಾರೆ."

"ಹಾಗಾದ್ರೆ ಗಟ್ಟಿಯಾದ ಬಾಗಿಲು ಹಾಕ್ಸೋಣ ಸಾರ್, ಕಬ್ಬಿಣದ್ದು."

"ಹಾಕ್ಸೋಣ. ಅದಕ್ಕೊಂದು ಕಂಪನಿ ಹಿಡೀಬೇಕು." ಅಷ್ಟು ಹೇಳಿ ಕನ್ನಡಕ ಮತ್ತೆ ಹಾಕಿಕೊಂಡರು. ಆ ಕಂಪನಿಗೂ ಒಂದು ಫಲಕ ಬೇಕಾಗುತ್ತದೆ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

ಮೋಸಗಾರರಾಗಿದ್ದರೆ ಜಗಳ ಆಡಬಹುದಿತ್ತು. ಸಾರ್ ಮೋಸಗಾರರಲ್ಲ, ಹೆದರಿದ್ದರು. ಕೊಟ್ಟವರು ಮುನಿಸಿಕೊಂಡರೆ ಇಪ್ಪತ್ತು ಶಾಲೆಯ ಕೆಲಸ ನಿಲ್ಲುತ್ತದೆ ಅನ್ನುವ ಹೆದರಿಕೆ. ಆ ಹುಡುಗಿ ಮುನಿಸಿಕೊಂಡರೆ ಏನೂ ನಿಲ್ಲುವುದಿಲ್ಲ. ಸುಮ್ಮನೆ ಊರಿಗೆ ಬಸ್ಸು ಹತ್ತುತ್ತಾಳೆ.

ಇದರ ಮಧ್ಯೆ ಎಲೆಕ್ಟ್ರಾನಿಕ್ ಸಿಟಿಯ ಇನ್ನೊಂದು ಕಂಪನಿಯವರು ಸೇವಾ ದಿನಕ್ಕೆ ಬರುತ್ತೇವೆ ಅಂದರು. ಏನು ಮಾಡುತ್ತೀರಿ ಅಂತ ಕೇಳಿದರೆ, ಬಣ್ಣ ಬಳಿಯುತ್ತೇವೆ ಅಂದರು. ಆರನೆಯ ಫಲಕಕ್ಕೆ ಆರ್ಡರ್ ಹೋಯಿತು. ಅಪ್ಪ ಫೋನ್ ಮಾಡಿ, "ಈ ಸಲ ಇನ್ನೂ ದಪ್ಪ ಶೀಟು ಬಂದಿದೆ ಕಣೆ, ನಿಮ್ಮದಕ್ಕೆ ಅದನ್ನೇ ಹಾಕಿದೀನಿ" ಅಂದ. ಅವನ ದನಿಯಲ್ಲಿದ್ದ ಪ್ರೀತಿಗೆ, ಆಯ್ತಪ್ಪ ಅಂದು ಫೋನಿಟ್ಟೆ.

ಓನರಮ್ಮನಿಗೆ ವಿಷಯ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. "ಬಣ್ಣ ಬಳಿಯೋಕ್ ಬರೋರು ಯಾವ್ ಕಕ್ಕಸ್ಗೆ ಓಗ್ತಾರೆ?"

"ನಿಮ್ಮನೇಗೇ ಅಲ್ವಾಮ್ಮ, ಯಾವಾಗ್ಲೂ."

ಅದೂ ಒಂದು ಪದ್ಧತಿ. ಕಂಪನಿಯವರು ಬಂದ ದಿನ ಓನರಮ್ಮ ತನ್ನ ಸ್ವಂತ ಮನೆಯ ಬಾತ್‌ರೂಮು ತೆಗೆದು, ಹೊಸ ಸೋಪಿಟ್ಟು, ಟವಲ್ ಹಾಕುತ್ತಿದ್ದಳು. ಊರಿನ ಮರ್ಯಾದೆ ಪ್ರಶ್ನೆ.

"ಉಂ" ಅಂದಳು. ಮತ್ತೆ ಅವರೆಕಾಯಿಗೆ ತಿರುಗಿದಳು.

ಸೇವಾ ದಿನ ಎರಡು ಬಸ್ಸಿನ ತುಂಬ ಜನ ಬಂದರು. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ಅವರನ್ನು ಕರೆತಂದ ಮೇಡಂ ಚುರುಕಿನ ಹೆಂಗಸು, ಕೈಯಲ್ಲಿ ಹೊಳೆಯುವ ಕಾಗದ ಸುತ್ತಿದ ಆರನೆಯ ಫಲಕ. ಹುಡುಗರು ಆಗಲೇ ಕೈಗೆ ಬಣ್ಣ ಬಳಿದುಕೊಂಡು ಗೋಡೆಯಲ್ಲಿ ಖಾಲಿ ಜಾಗ ಹುಡುಕುತ್ತಿದ್ದರು. "ಮಗಾ, ಅದು ಹಳೇ ಕಂಪನಿಯವನ ಕೈ ಕಣೋ, ಅದರ ಮೇಲೆ ಇಡ್ಬೇಡ." "ಇರ್ಲಿ ಗುರು, ಅವನೂ ಬಿಟ್ಟು ನಮ್ ಕಂಪನಿಗೇ ಬಂದಿರ್ತಾನೆ."

ಅಷ್ಟರಲ್ಲಿ ಓನರಮ್ಮ ಬಂದಳು, ಜರಿ ಸೀರೆಯಲ್ಲಿ. ಹಿಂದೆ ಇಬ್ಬರು ಬಾಡಿಗೆದಾರರು ಒಂದು ದೊಡ್ಡ ಕೊಳಗ ಮಜ್ಜಿಗೆ ಹೊತ್ತು ತಂದರು. ಕಲ್ಲಂಗಡಿ ಹೋಳುಗಳ ಒಂದು ಬೇಸಿನ್ನೂ ಬಂತು. ಬಿಸಿಲು ಚೆನ್ನಾಗಿ ಏರಿತ್ತು. "ಕುಡೀರಪ್ಪಾ, ಕುಡೀರಿ, ನಮ್ಮೂರ್ ಮಕ್ಕಳಿಗೆ ಬಣ್ಣ ಬಳಿಯೋಕ್ ಬಂದಿದೀರಿ" ಅಂತ ಒಬ್ಬೊಬ್ಬರಿಗೂ ಎರಡೆರಡು ಲೋಟ, ಬೇಡ ಅಂದವರಿಗೆ ಮೂರು. ಮೇಡಂಗೆ ತಾನೇ ಎದುರು ನಿಂತು ಮೂರು ಲೋಟ ಕುಡಿಸಿದಳು. ಸಾರ್‌ಗೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾನು ಬೇಗೂರಿಗೆ ಓಗ್ತಿದೀನಿ, ನಮ್ ನಾದ್ನಿ ಮನೇಲಿ ಗೃಹಪ್ರವೇಶ. ಸಂಜೆ ಬತ್ತೀನಿ" ಅಂದಳು. ಬೀಗದ ಕೈ ಗೊಂಚಲು ಅವಳ ಸೊಂಟದಲ್ಲೇ ಗಲಗಲ ಅನ್ನುತ್ತಾ ಗೇಟು ದಾಟಿ, ಆಟೋ ಹತ್ತಿತು.

ನನಗೆ ಅರ್ಥವಾದಾಗ ಮಜ್ಜಿಗೆ ಕೊಳಗ ಖಾಲಿಯಾಗಿತ್ತು.

ಸ್ವಲ್ಪ ಹೊತ್ತಿಗೆಲ್ಲ ಕಂಪನಿಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕ, ರೆಸ್ಟ್ ರೂಮ್ ಎಲ್ಲಿದೆ?" ಅವಳ ಕೈಯಲ್ಲಿದ್ದ ಬ್ರಷ್ಷಿನಿಂದ ರೆಸ್ಟ್ ರೂಮಿನ ಗೋಡೆಯ ಬುಡಕ್ಕೇ ಬಣ್ಣ ತೊಟ್ಟಿಕ್ಕುತ್ತಿತ್ತು. ನಾನು ಅದನ್ನೇ ತೋರಿಸಿದೆ.

"ಇದಾ?" ಅಂದಳು.

ಹುಡುಗರ ಕಕ್ಕಸಿನ ಕಡೆ ತೊಂದರೆ ಇರಲಿಲ್ಲ, ಆ ಬಾಗಿಲಿಗೆ ಯಾರೂ ಫಲಕ ಕೊಟ್ಟಿರಲಿಲ್ಲ. ಇಲ್ಲಿ ಸಾಲು ಬೆಳೆಯಿತು. ಒಳಗೆ ಹೋದವಳು ಬಾಗಿಲು ಎಳೆದಳು, ಅದು ಅರ್ಧಕ್ಕೆ ನಿಂತಿತು. ಗೆಳತಿಯನ್ನು ಕರೆದಳು. ಗೆಳತಿ ಹೊರಗಿನಿಂದ ಬಾಗಿಲು ಎತ್ತಿ ಹಿಡಿದಳು. ಫಲಕಗಳು ಬಿಸಿಲಿಗೆ ಕಾದಿದ್ದವು, ಕೈ ಸುಟ್ಟು ಬಾಗಿಲು ಬಿಟ್ಟಳು. ಒಳಗಿನಿಂದ ಕೂಗು. ಕೊನೆಗೆ ಇಬ್ಬರು ಟವಲ್ ಹಿಡಿದು ಬಾಗಿಲು ಎತ್ತುವುದು, ಒಬ್ಬಳು ಈ ಕಡೆ ಬರುವ ಹುಡುಗರನ್ನು ಓಡಿಸುವುದು ಅಂತ ಒಂದು ವ್ಯವಸ್ಥೆ ಆಯಿತು. ಕಂಪನಿ ನಡೆಸುವವರಲ್ಲವೇ, ಬೇಗ ಮಾಡಿಕೊಂಡರು.

ಮೇಡಂ ಕೊನೆಯವರೆಗೆ ತಡೆದರು. ಮೂರು ಲೋಟ ಮಜ್ಜಿಗೆ ಎಷ್ಟು ಹೊತ್ತು ತಡೆಯುತ್ತದೆ? ಅವರೂ ಹೋದರು. ಬಾಗಿಲು ಹಿಡಿದವರು ಅವರ ಕೈಕೆಳಗಿನವರೇ, ಎಲ್ಲರೂ ಬಹಳ ಗಂಭೀರವಾಗಿ ಆಕಾಶ ನೋಡುತ್ತಾ ಹಿಡಿದರು. ಹೊರಗೆ ಬಂದ ಮೇಡಂ ಮುಖ ಕೆಂಪಾಗಿತ್ತು.

"ಸಾರ್, ಈ ಬಾಗಿಲು ಯಾಕೆ ಹಾಕ್ಕೊಳಲ್ಲ?"

ಸಾರ್ ನನ್ನ ಮುಖ ನೋಡಿದರು. ನಾನು ಗೋಡೆಯ ಚಿಟ್ಟೆ ನೋಡಿದೆ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಏಳನೇ ಕ್ಲಾಸಿನ ಹುಡುಗಿ ಬಾಯಿಬಿಟ್ಟಳು. "ಬೋರ್ಡ್ ಭಾರ ಮೇಡಂ. ಒಂದೇ ಬೋರ್ಡ್ ಇದ್ದಾಗ ಹಾಕ್ಕೊಳೋದು. ನೀವೂ ಒಂದು ತಂದಿದೀರಲ್ಲ, ಅದನ್ನೂ ಹಾಕಿದ್ರೆ ಪೂರ್ತಿ ಬಿದ್ಹೋಗತ್ತೆ. ಆಮೇಲೆ ಪರದೆ ಕಟ್ಕೋಬೋದು."

ಯಾರೋ ನಕ್ಕರು. ಮೇಡಂ ನಗಲಿಲ್ಲ. "ದಿನಾ ನೀವು ಹೇಗೆ ಮಾಡ್ತೀರಾ?"

"ನಾವಾ? ನೀರು ಕುಡಿಯಲ್ಲ ಮೇಡಂ."

ಮೇಡಂ ಕೈಯಲ್ಲಿದ್ದ ಹೊಳೆಯುವ ಕಾಗದದ ಪೊಟ್ಟಣವನ್ನು ನೋಡಿದರು. ಆಮೇಲೆ ಅದನ್ನು ಎಲ್ಲಿ ಇಡುವುದು ಅಂತ ಸುತ್ತ ಹುಡುಕಿ, ಕೊನೆಗೆ ಖಾಲಿ ಮಜ್ಜಿಗೆ ಕೊಳಗದ ಮೇಲೆ ಇಟ್ಟರು. ಮುಚ್ಚಳದ ಹಾಗೆ ಚೆನ್ನಾಗಿ ಕೂತಿತು.

ಸಾರ್ ತುಂಬ ಹೊತ್ತು ಬಾಗಿಲನ್ನೇ ನೋಡುತ್ತಾ ನಿಂತಿದ್ದರು. ಅವರೂ ಮೊದಲ ಸಲ ಅದನ್ನು ಮುಚ್ಚಿಕೊಳ್ಳುವವರ ಕಡೆಯಿಂದ ನೋಡುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ನನ್ನ ಕಡೆ ಕೈ ಚಾಚಿದರು. "ಸ್ಪ್ಯಾನರ್ ಇದೆಯೇನಮ್ಮ?"

ಇತ್ತು. ಬೆಳಗಿನಿಂದ ಬ್ಯಾಗಿನಲ್ಲೇ ಇತ್ತು.

ಮೊದಲು ಅವರು ಬಿಚ್ಚಿದ್ದು ನಮ್ಮ ಟ್ರಸ್ಟಿನ ಫಲಕ. ವಯಸ್ಸಾದ ಕೈ, ನಟ್ಟು ಬಣ್ಣದಲ್ಲಿ ಕಚ್ಚಿಕೊಂಡಿತ್ತು. ನಾನು ಹಿಡಿಯಲಾ ಅಂದರೆ ಬೇಡ ಅಂದರು. ಅದು ಬಿಚ್ಚಿಕೊಂಡ ಮೇಲೆ ಉಳಿದ ನಾಲ್ಕನ್ನು ನಾನು ಬಿಚ್ಚಿದೆ. "ಫೋನು ಬಂದ್ರೆ?" ಅಂತ ಕೇಳಿದೆ. "ಬರುತ್ತೆ" ಅಂದರು. "ಬಂದ್ರೆ, ಬಂದು ಒಂದ್ಸಲ ಬಾಗಿಲು ಹಾಕ್ಕೊಂಡು ನೋಡಿ ಅನ್ನೋಣ." ಆಮೇಲೆ, "ಮಜ್ಜಿಗೆ ಕೊಟ್ಟು" ಅಂತ ಸೇರಿಸಿದರು. ಸಾರ್ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಾಗಿಲು ಹಗುರಾಯಿತು, ಆದರೆ ಫಲಕ ಇದ್ದ ಕಡೆಯೆಲ್ಲ ತೂತು. ಹುಡುಗಿಯರ ಕಕ್ಕಸಿನ ಬಾಗಿಲಿಗೆ ತೂತು ಬಿಟ್ಟು ಹೋಗುವುದು ಹೇಗೆ? ಬಿಚ್ಚಿದ ಬೋಲ್ಟುಗಳನ್ನೇ ವಾಪಸ್ ತೂರಿಸಿ ಬಿಗಿದೆವು. ಈಗ ಅದು ಹಳೇ ಕೋಟೆ ಬಾಗಿಲಿನ ಹಾಗೆ ಕಾಣುತ್ತಿತ್ತು. ಕೀಲು ಎತ್ತಿ ಕೂರಿಸಿದೆ. ಆದರೂ ಚಿಲಕ ಸಲೀಸಾಗಿ ಕಚ್ಚಲಿಲ್ಲ, ಅಂಚಿನಲ್ಲಿ ಅಷ್ಟು ಬಣ್ಣ ಗಟ್ಟಿಯಾಗಿ ಕೂತಿತ್ತು. ಬಣ್ಣ ಬಳಿಯಲು ಬಂದವರು ಸಂಜೆಯವರೆಗೆ ಬಣ್ಣ ಕೆರೆದರು. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಗುಲಾಬಿ. ಒಂದೊಂದು ಕಂಪನಿಯವರೂ ಬಂದು ಹೋದದ್ದು ಪದರಪದರವಾಗಿ ಉದುರಿತು. ಕೊನೆಗೆ ಟಕ್ ಅಂತ ಚಿಲಕ ಬಿತ್ತು. ಹೊರಡುವ ಮೊದಲು ಮೇಡಂ ಫೋಟೋ ತೆಗೆಸಿದರು. ಮುಚ್ಚಿದ ಬಾಗಿಲು, ಅಷ್ಟೇ. "ಇದರಲ್ಲಿ ಏನೂ ಕಾಣಲ್ವಲ್ಲ, ಆಫೀಸಲ್ಲಿ ಏನು ಅಂತ ತೋರಿಸ್ಲಿ" ಅಂತ ಗೊಣಗುತ್ತಲೇ ಬಸ್ಸು ಹತ್ತಿದರು. ಆರು ಫಲಕಗಳೂ ಕಾಂಪೌಂಡ್ ಗೋಡೆಗೆ ಹೋದವು. ಗೋಡೆಗೆ ಅದೇನು ಭಾರವಲ್ಲ.

ಅಪ್ಪನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಾಗಿಲು ಬಗ್ತು. ಪ್ಲೇಟ್ ಬಗ್ಗಿಲ್ಲ ತಾನೆ?" ಅಂದ.

"ಇಲ್ಲಪ್ಪ."

"ಅಷ್ಟೇ ಮತ್ತೆ."

ಕತ್ತಲಾಗುವ ಹೊತ್ತಿಗೆ ಓನರಮ್ಮ ಶಾಲೆಗೆ ಬಂದಳು, ಕೈಯಲ್ಲಿ ಗೃಹಪ್ರವೇಶದ ತಾಂಬೂಲ. ಏಳನೇ ಕ್ಲಾಸಿನ ಹುಡುಗಿಯ ಅಮ್ಮ ಆಗಷ್ಟೇ ಕೆಲಸದಿಂದ ಬಂದು ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ನಾನು ಬಾಗಿಲು ಸರಿಯಾಗಿದೆ ಅಂತ ಅವಳಿಗೆ ಎರಡು ಸಲ ಹೇಳಿದ್ದೆ. ಅವಳು ತಲೆಯಾಡಿಸಿದ್ದಳು, ನಂಬಿರಲಿಲ್ಲ. ಟ್ರಸ್ಟಿನವಳು ಇನ್ನೇನು ಹೇಳುತ್ತಾಳೆ? ಓನರಮ್ಮ ಏನು ಹೇಳುತ್ತಾಳೋ ಅದಕ್ಕೆ ಕಾದಿದ್ದಳು.

"ಸರಿ ಮಾಡಿದ್ರಾ?" ಅಂದಳು ಓನರಮ್ಮ.

"ಮಾಡಿದ್ವಿ ಅಮ್ಮ. ನೀವು ಬೇಕಂತಲೇ ಬೀಗದ ಕೈ ತಗೊಂಡು ಹೋದ್ರಲ್ವಾ?"

"ಗೃಹಪ್ರವೇಶಕ್ಕೆ ಬೀಗದ್ ಕೈ ಇಲ್ದೆ ಓಗೋದುಂಟಾ?" ತಾಂಬೂಲವನ್ನು ನನ್ನ ಕೈಗೆ ಕೊಟ್ಟು, ಜರಿ ಸೀರೆಯ ನೆರಿಗೆ ಎತ್ತಿಕೊಂಡು ನೇರ ಕಕ್ಕಸಿನ ಒಳಗೆ ಹೋದಳು. ಬಾಗಿಲು ಮುಚ್ಚಿತು. ಟಕ್.

ನಾನು ತೆಂಗಿನಕಾಯಿ ಹಿಡಿದುಕೊಂಡು ಹೊರಗೇ ನಿಂತೆ. ಗೇಟಿನ ಹತ್ತಿರ ಆ ತಾಯಿ, ಅವಳ ಪಕ್ಕದಲ್ಲಿ ಮಗಳು. ಮೂವರ ಕಣ್ಣೂ ಬಾಗಿಲಿನ ಮೇಲೆ. ಒಳಗೆ ಚಿಲಕ ಒಂದು ಸಲ ತೆಗೆದದ್ದು, ಮತ್ತೆ ಹಾಕಿದ್ದು ಕೇಳಿಸಿತು. ಆಮೇಲೆ ಬಾಗಿಲನ್ನು ಒಳಗಿನಿಂದ ಜೋರಾಗಿ ಅಲ್ಲಾಡಿಸಿದಳು. ಅದು ಅಲ್ಲಾಡಲಿಲ್ಲ.

"ಅಮ್ಮ, ಸರಿಯಾಗಿದೆಯಾ?" ಅಂತ ಕೇಳಿದೆ.

"ನೀನ್ಯಾಕಿನ್ನೂ ಅಲ್ಲೇ ನಿಂತಿದೀಯ?" ಅಂತ ಒಳಗಿನಿಂದ ಗದರಿದಳು. "ಚಿಲ್ಕ ಬಿದ್ದದೆ. ಕಾಯೋಕೇನೈತೆ ಇಲ್ಲಿ, ಓಗು ಅತ್ಲಾಗಿ."

ಗೇಟಿನ ಹತ್ತಿರ ತಾಯಿ ಮಗಳ ಕೈ ಹಿಡಿದು ಮನೆಯ ಕಡೆ ತಿರುಗಿದಳು. "ನಾಳೆ ನೀರಿನ ಬಾಟ್ಲಿ ತಗೊಂಡೋಗು" ಅನ್ನುತ್ತಿದ್ದಳು. ನಾನೂ ತೆಂಗಿನಕಾಯಿ ಹಿಡಿದುಕೊಂಡು ಅತ್ಲಾಗಿ ಹೋದೆ.